ಕಂಪನಿ ಕಾಸಿಗೆ ನಮ್ಮ ಭಾವನ ಪರೀಕ್ಷೆಗಳು

ಸುಳ್ಳು ಕಾಸು ಮಾರುವವನದ್ದು ಅರ್ಧ ತಪ್ಪು. ಅದನ್ನು ತೂಗದೆ, ತಿರುಗಿಸಿ ನೋಡದೆ, ಕೈಮುಗಿದು ಕೊಳ್ಳಲು ಹೊರಡುವವರದ್ದು ಇನ್ನರ್ಧ. ಹಾಗೆ ಹೊರಟವರು ನಮ್ಮ ಭಾವನೇ ಆಗಿದ್ದರೂ ನಾನು ರಿಯಾಯಿತಿ ಕೊಡುವುದಿಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ಯಾವ ಬಸ್ಸು ಹತ್ತಿದರೂ ಹಳೇ ನಾಣ್ಯ ಮಾರಿ ಕೋಟ್ಯಧಿಪತಿಯಾಗಲು ಹೊರಟವನೊಬ್ಬ ಪಕ್ಕದ ಸೀಟಿನಲ್ಲಿ ಸಿಕ್ಕೇ ಸಿಗುತ್ತಾನೆ. ಆಗಿಹೋದವನು ಮಾತ್ರ ಇನ್ನೂ ಸಿಕ್ಕಿಲ್ಲ. ಬಹುಶಃ ಅವನು ಕಾರಿನಲ್ಲಿ ಓಡಾಡುತ್ತಾನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆ, ಕಾರ್ಖಾನೆಯಿಂದ ನಿವೃತ್ತಿ, ಕೈತುಂಬ ಬಿಡುವು. ಅವರು ಮೆಚ್ಚಿಕೊಂಡ ಕಾಸಿಗೆ ಮಾರುವವನು ಕೇಳಿದ್ದು ಅಕ್ಕನ ಎರಡು ಚಿನ್ನದ ಬಳೆ. ಅಕ್ಕನ ಹತ್ತಿರ ಇದ್ದ ಚಿನ್ನವೂ ಅಷ್ಟೇ.

೧. ಇತಿಹಾಸದ ಪರೀಕ್ಷೆ

ಕಾಸನ್ನು ನಾನು ಮೊದಲು ನೋಡಿದ್ದು ಶಿವಮೊಗ್ಗದ ದುರ್ಗಿಗುಡಿಯ ಒಂದು ಹೋಟೆಲಿನಲ್ಲಿ. ಭಾವನೇ ನನ್ನನ್ನು ಕರೆಸಿದ್ದರು, ಸಾಕ್ಷಿಗೆ. ಮಾರುವವನು ವೆಲ್ವೆಟ್ ಚೀಲ ಬಿಚ್ಚಿದ. ಹಳದಿ ಬಣ್ಣದ ದಪ್ಪ ಬಿಲ್ಲೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಎಂದು ಇಂಗ್ಲಿಷಿನಲ್ಲಿ.

"ಅಪ್ಪಟ ಚಿನ್ನ ಸಾರ್. ಫಾರಿನ್ನಲ್ಲಿ ಕೋಟಿಗೆ ಹೋಗುತ್ತೆ."

"ಹಾಗಾದ್ರೆ ಫಾರಿನ್ನಿಗೆ ಹೋಗೋದು ಬಿಟ್ಟು ಇಲ್ಲಿ ಮಸಾಲೆ ದೋಸೆ ತಿಂತಾ ಯಾಕೆ ಕೂತಿದೀರಿ?"

"ಪಾಸ್‌ಪೋರ್ಟ್ ಇಲ್ಲ ಸಾರ್."

ನಾನು ಕಾಲೇಜು ಕಂಡವನಲ್ಲ. ಓದಿಕೊಂಡದ್ದೆಲ್ಲ ಸಾರ್ವಜನಿಕ ಗ್ರಂಥಾಲಯದ ಬೆಂಚಿನ ಮೇಲೆ. ಕಂಪನಿ ಸರ್ಕಾರ ಹೀಗೆ ರಾಮನನ್ನು ಕೂರಿಸಿ ಕಾಸು ಹೊಡೆಸಿದ್ದೇ ಇಲ್ಲ, ಇವೆಲ್ಲ ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು ಎಂದು ಅಲ್ಲೇ ಓದಿದ್ದೆ. ಅದನ್ನೇ ಹೇಳಿದೆ. "ನಮ್ಮ ಕಂದಾಯ ಕಿತ್ತುಕೊಂಡು ತಿಂದವರಿಗೆ ರಾಮಭಕ್ತಿ ಯಾವಾಗ ಬಂತು?"

ಅವನು ಚಟ್ನಿ ನೆಕ್ಕುತ್ತ ಹೇಳಿದ: "ಶುರೂನಲ್ಲಿ ಅವರೂ ಒಳ್ಳೆಯವರೇ ಇದ್ರು ಸಾರ್. ಆಮೇಲೆ ಕೆಟ್ಟಿದ್ದು."

ಭಾವ ತಲೆಯಾಡಿಸಿದರು. "ಇರಬಹುದು ಮಾರಾಯ. ನಮ್ ಮ್ಯಾನೇಜ್‌ಮೆಂಟೂ ಹಂಗೇ ಅಲ್ವಾ?"

೨. ಕಾರ್ಖಾನೆಯ ಪರೀಕ್ಷೆ

ಭಾವನಿಗೂ ಒಂದು ಚೂರು ಅನುಮಾನ ಇತ್ತು, ಇಲ್ಲವೆನ್ನಲಾರೆ. ಮಾರುವವನನ್ನು ನ್ಯೂ ಟೌನಿಗೆ ಕರೆಸಿ, ಜೊತೆಗೆ ಇಬ್ಬರು ಹಳೇ ಸಹೋದ್ಯೋಗಿಗಳನ್ನೂ ಕೂರಿಸಿದರು. ಒಬ್ಬರು ಮಶೀನ್ ಶಾಪಿನವರು, ಇನ್ನೊಬ್ಬರು ಲೋಹ ಎರಕ ಹೊಯ್ಯುವ ಫೌಂಡ್ರಿಯವರು. "ಉಜ್ಜಬೇಡಿ, ಗೀರಬೇಡಿ, ಗೀರು ಬಿದ್ರೆ ಬೆಲೆ ಹೋಯ್ತು" ಎಂದು ಮಾರುವವನು ಮೊದಲೇ ಹೆದರಿಸಿದ.

ಮಶೀನ್ ಶಾಪಿನವರು ಅಳತೆ ಮಾಡಿದರು. "ನಾಲ್ಕು ಕಡೆಯಿಂದ ಹಿಡಿದ್ರೂ ಒಂದೇ ಸೈಜು. ಸ್ವಲ್ಪಾನೂ ಆಚೀಚೆ ಇಲ್ಲ. ಪಾಸ್."

ಫೌಂಡ್ರಿಯವರು ತಮಿಳರು, ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲೇ. ಕಾಸನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರು ಎಳೆದರು. ಮುಖ ಅರಳಿತು. "ಅಚ್ಚಿನ ಎರಡು ಭಾಗ ಕೂಡಿದ ಗೆರೆ ನೋಡು, ಕೂದಲಿನಷ್ಟು ಸಣ್ಣ! ಒಂದು ಗಾಳಿಗುಳ್ಳೆ ಇಲ್ಲ. ಏನ್ ಎರಕ ಪಾ! ಫಸ್ಟ್ ಕ್ಲಾಸ್!"

ನಾನು ತಲೆ ಚಚ್ಚಿಕೊಂಡೆ. "ಅಣ್ಣಾ, ಕಂಪನಿ ಕಾಸನ್ನ ಎರಕ ಹೊಯ್ತಿರಲಿಲ್ಲ. ಬಿಲ್ಲೆ ಮೇಲೆ ಅಚ್ಚು ಒತ್ತಿ ಮಾಡ್ತಿದ್ರು. ಅಂಚಲ್ಲಿ ಎರಕದ ಗೆರೆ ಇದ್ರೆ ಅದೇ ಕಳ್ಳತನದ ಗುರುತು!"

"ಗೊತ್ತು ಕಣಯ್ಯಾ. ಕಳ್ಳ ಆದ್ರೇನು, ಕೆಲಸ ಗೊತ್ತಿರೋ ಕಳ್ಳ. ನಮ್ ಕಾಲದಲ್ಲಿ ಸಿಕ್ಕಿದ್ರೆ ಅವನನ್ನ ಪರ್ಮನೆಂಟ್ ಮಾಡಿಸ್ತಿದ್ದೆ."

ಇಷ್ಟೆಲ್ಲ ಮಾತಿನಲ್ಲಿ ಭಾವನ ಕಿವಿಗೆ ಬಿದ್ದದ್ದು ಎರಡೇ ಪದ: ಪಾಸ್ ಮತ್ತು ಫಸ್ಟ್ ಕ್ಲಾಸ್. ಅಕ್ಕನನ್ನು ಕರೆದು ಹೇಳಿದರು, "ನೋಡೇ, ನಿನ್ನ ತಮ್ಮ ಜೀವಮಾನದಲ್ಲಿ ತಗೊಳ್ಳದ ರಿಸಲ್ಟು."

೩. ಅಕ್ಕಿಯ ಪರೀಕ್ಷೆ

ನಿಜವಾದ ಹಳೇ ಕಾಸು ಅಕ್ಕಿಕಾಳನ್ನು ಎಳೆಯುತ್ತದಂತೆ. ಯಾಕೆ ಎಳೆಯಬೇಕು, ಎಳೆದು ಏನು ಮಾಡುತ್ತದೆ ಎಂದು ಈ ದೇಶದಲ್ಲಿ ಯಾರೂ ಕೇಳಿಲ್ಲ. ಮಾರುವವನು ಜೇಬಿನಿಂದ ಪೊಟ್ಟಣ ತೆಗೆದು, ತಟ್ಟೆಗೆ ಒಂದು ಚಿಟಿಕೆ ಅಕ್ಕಿ ಸುರಿದು, ಕಾಸನ್ನು ಹತ್ತಿರ ತಂದ. ಕಾಳುಗಳು ಟಪಟಪ ಎಂದು ಅಂಟಿಕೊಂಡವು. ಭಾವ ಎದ್ದು ನಿಂತರು.

ನನಗೆ ಅವನ ಬೆರಳಿನ ದಪ್ಪ ಉಂಗುರ ಕಾಣುತ್ತಿತ್ತು. ಅಕ್ಕಿಗೆ ಕಬ್ಬಿಣದ ಪುಡಿ, ಉಂಗುರದಲ್ಲಿ ಅಯಸ್ಕಾಂತ. ಉಕ್ಕಿನ ಕಾರ್ಖಾನೆಯ ಊರಲ್ಲಿ ಇದನ್ನೂ ಬಿಡಿಸಿ ಹೇಳಬೇಕೇ? ನಾನು ಒಳಗೆ ಹೋಗಿ ಅಕ್ಕನ ಡಬ್ಬದಿಂದ ಒಂದು ಹಿಡಿ ತಂದು ಸುರಿದೆ. ಒಂದು ಕಾಳೂ ಅಲುಗಲಿಲ್ಲ.

"ಈಗೇನಂತೀರಿ?"

ಅವನು ಒಂದು ಕಾಳು ಎತ್ತಿ ಮೂಸಿದ. "ಇದು ರೇಷನ್ ಅಕ್ಕಿ ಸಾರ್."

ಭಾವ ನನ್ನ ಮೇಲೆಯೇ ಹರಿಹಾಯ್ದರು. "ಕೋಟಿ ಬಾಳೋ ಕಾಸಿನ ಮುಂದೆ ರೇಷನ್ ಅಕ್ಕಿ ಇಡ್ತೀಯಲ್ಲೋ, ಅದಕ್ಕೂ ಒಂದು ಮರ್ಯಾದೆ ಬೇಡ್ವಾ!"

೪. ಶುಕ್ರವಾರದ ಪರೀಕ್ಷೆ

ವ್ಯವಹಾರ ಮುಗಿಸಲು ಮಾರುವವನೇ ಶುಕ್ರವಾರ ಸಂಜೆ ಗೊತ್ತುಮಾಡಿದ. ನಾನು ಚಿನ್ನ ತೂಗುವ ಸಣ್ಣ ತಕ್ಕಡಿಯೊಂದನ್ನು ಎರವಲು ತಂದಿದ್ದೆ. ಚಿನ್ನವಾಗಿದ್ದರೆ ಅಷ್ಟು ದಪ್ಪದ ಬಿಲ್ಲೆ ಹಿತ್ತಾಳೆಯ ಎರಡರಷ್ಟು ತೂಗಬೇಕು. ತೂಗಿದರೆ ಮುಗಿಯಿತು, ವಾದವೇ ಬೇಡ. ಆದರೆ ತಕ್ಕಡಿ ಕಂಡದ್ದೇ ಅವನು ಕಾಸಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಅಕ್ಕನ ಮುಂದೆ ಹಿಡಿದ.

"ಇನ್ನು ಇದು ನಾಣ್ಯ ಅಲ್ಲ ತಾಯಿ, ಸಾಕ್ಷಾತ್ ಲಕ್ಷ್ಮಿ. ಲಕ್ಷ್ಮೀನ ತಕ್ಕಡಿಗೆ ಹಾಕಿದ ಮನೆ ಉದ್ಧಾರ ಆಗಲ್ಲ."

ಭಾವ ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದರು. ನಾನು ಕೂಗಾಡಿದೆ. "ಇದೇನು ಡಿಸಿ ಆಫೀಸಾ ಧಿಕ್ಕಾರ ಕೂಗೋಕೆ? ಕೂತ್ಕೊ" ಎಂದರು.

ಅಕ್ಕ ಕಾಸನ್ನು ಸೆರಗಿನಲ್ಲಿ ಇಸಿದುಕೊಂಡು ದೇವರ ಮನೆಗೆ ಹೋದಳು. ದೀಪ ಹಚ್ಚಿದಳು, ಗಂಟೆ ಬಾರಿಸಿದಳು. ಹೊರಗೆ ಬಂದಾಗ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ಬಳೆ ಕೈಯಲ್ಲೇ.

"ತಗೊಳ್ಳಿ ಅಣ್ಣಾ. ಮನೆಗೆ ಲಕ್ಷ್ಮೀನ ಕರ್ಕೊಂಡು ಬಂದ್ರಿ, ಒಳ್ಳೇದಾಗಲಿ."

"ಬಳೆ, ತಾಯಿ?"

"ದೀಪ ಹಚ್ಚಾಯ್ತಲ್ಲ. ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮನೆಯಿಂದ ಚಿನ್ನ ಹೊರಗೆ ಹೋಗಲ್ಲ."

"ಸರಿ, ಹಾಗಾದ್ರೆ ನಾಣ್ಯ ಕೊಡಿ. ನಾಳೆ ಬರ್ತೀನಿ."

"ಲಕ್ಷ್ಮೀನ ಹೆಂಗ್ ಕಳಿಸ್ಲಿ? ನಾಳೆ ಆದ್ರೂ ಲಕ್ಷ್ಮಿಗೆ ಬೆಲೆ ಕಟ್ಟೋಕಾಗುತ್ತಾ? ಪಾಪ ಬರಲ್ವಾ?"

ಅವನು ಬೆವೆತ. ಬೇಡಿಕೊಂಡ. ಕೊನೆಗೆ ಒದರಿಯೇ ಬಿಟ್ಟ: "ಅಮ್ಮಾ, ಲಕ್ಷ್ಮಿಯೂ ಅಲ್ಲ, ಚಿನ್ನಾನೂ ಅಲ್ಲ, ಬರೀ ಹಿತ್ತಾಳೆ! ನನ್ನ ಹತ್ರ ತೋರಿಸೋಕೆ ಇರೋದು ಅದೊಂದೇ, ಕೊಟ್ಬಿಡಿ!"

ಈಗಲಾದರೂ ಭಾವನ ಕಣ್ಣು ತೆರೆಯಿತು ಎಂದುಕೊಂಡಿರಾ? ಅವರು ಬಾಗಿಲಿಗೆ ಅಡ್ಡ ನಿಂತು ಗುಡುಗಿದರು.

"ಏಯ್, ಕೊಡಬೇಡ ಕಣೇ! ಹಿತ್ತಾಳೆ ಅಂತ ಸುಳ್ಳು ಹೇಳಿ ವಾಪಸ್ ಹೊಡ್ಕೊಂಡು ಹೋಗೋಕೆ ನೋಡ್ತಿದಾನೆ. ಎಲ್ಲೋ ಆ ತಕ್ಕಡಿ?"

ತೂಗಿದೆವು. ಮಾರುವವನು ಜೀವನದಲ್ಲಿ ಮೊದಲ ಸಲ ನಿಜ ಹೇಳಿದ್ದ.

ನಕ್ಕಿರಲ್ಲ? ಸಾಕು, ಈಗ ಎದ್ದು ನಿಮ್ಮ ದೇವರ ಮನೆಗೆ ಹೋಗಿ. ಅಲ್ಲಿ ಇಂಥದ್ದೊಂದು ಕೂತಿದ್ದರೆ ಕುಂಕುಮ ತೊಳೆಯಿರಿ, ಅಂಚು ನೋಡಿ, ತೂಗಿಸಿ. ಸುಳ್ಳಾದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ನಿಮ್ಮ ನಾಚಿಕೆಯೇ ಅವನ ಬಂಡವಾಳ. ಕಾಸು ಹಿಡಿದು ಪೊಲೀಸ್ ಠಾಣೆಗೆ ನಡೆಯಿರಿ, ಮಾರಿದವನ ಮೇಲೆ ದೂರು ಕೊಡಿ. ಇವತ್ತೇ.