ಕಾಲೇಜು ಒಗ್ಗಿಸುವ ವಾರ

ಮೇಲಿನವರು ಒಂದು ಯೋಜನೆ ಕಳುಹಿಸುತ್ತಾರೆ, ನಮ್ಮ ಕಡೆಯ ಜನ ಅದನ್ನು ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡು ಮೂಲಕ್ಕಿಂತ ಚೆನ್ನಾಗಿ ನಡೆಸಿಬಿಡುತ್ತಾರೆ. ಎಷ್ಟು ಸಲ ನೋಡಿದರೂ ಇದು ಆಗುತ್ತಲೇ ಇರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಆದದ್ದನ್ನು ಹೇಳುತ್ತೇನೆ.

ಅಂಜಬೇಡಿ

ಜೂನ್‌ನಲ್ಲಿ ತುಂಬಿರುತ್ತಿದ್ದ ಬಿ.ಎ. ಮೊದಲ ವರ್ಷದ ತರಗತಿ ಗಣಪತಿ ಹಬ್ಬದ ಹೊತ್ತಿಗೆ ಅರ್ಧ ಖಾಲಿಯಾಗುತ್ತಿತ್ತು. ಹಳ್ಳಿಯ ಹುಡುಗರು ಬರುತ್ತಿದ್ದರು, ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು, ಆಮೇಲೆ ಒಂದು ದಿನ ಬರುವುದನ್ನೇ ಬಿಡುತ್ತಿದ್ದರು. ನಮ್ಮ ಪ್ರಾಚಾರ್ಯರು ಯಾವುದೋ ಸಮ್ಮೇಳನಕ್ಕೆ ಹೋಗಿ ಇದಕ್ಕೆ ಮದ್ದು ತಂದರು. ಹೊಸಬರಿಗೆ ಒಂದು ವಾರ ಪಾಠವಿಲ್ಲ, ಕಾಲೇಜಿನ ಪರಿಚಯ ಮಾತ್ರ. ಹೆಸರು ‘ಪರಿಚಯ ಸಪ್ತಾಹ’. ಸಂಚಾಲಕ ನಾನು. ಯಾಕೆಂದರೆ ಸಭೆಯಲ್ಲಿ “ಇದರಿಂದ ಏನೂ ಆಗುವುದಿಲ್ಲ” ಎಂದವನು ನಾನೊಬ್ಬನೇ.

ಉದ್ಘಾಟನೆಯ ಭಾಷಣ ಪ್ರಾಚಾರ್ಯರದು. ವಿಷಯ ‘ಅಂಜಬೇಡಿ’. ಗ್ರಂಥಾಲಯಕ್ಕೆ ಅಂಜಬೇಡಿ, ಇಂಗ್ಲಿಷಿಗೆ ಅಂಜಬೇಡಿ, ಹಿರಿಯ ವಿದ್ಯಾರ್ಥಿಗಳಿಗೆ ಅಂಜಬೇಡಿ, ಪರೀಕ್ಷೆಗಂತೂ ಅಂಜಲೇಬೇಡಿ. ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಅಂಜದಿರಲು ಇನ್ನೂ ಬಹಳ ಸಂಗತಿಗಳು ಉಳಿದಿದ್ದವು.

ಕೊನೆಗೆ ರಾಯಬಾಗ ಕಡೆಯ ಹುಡುಗನೊಬ್ಬ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

“ಸರ್, ಬರೂಮುಂದ ನನಗೇನೂ ಅಂಜಿಕಿ ಇದ್ದಿದ್ದಿಲ್ಲರಿ. ಈಗ ಖರೇ ಹೇಳ್ರಿ, ಇಲ್ಲೆ ಅಂಥಾದ್ದೇನೈತಿ?”

ಹವ್ಯಾಸ

ಎರಡನೆಯ ದಿನ ಎಲ್ಲರೂ ಎದ್ದು ಹೆಸರು, ಊರು, ಹವ್ಯಾಸ ಹೇಳಬೇಕಿತ್ತು. ಹೆಸರು ಮತ್ತು ಊರಿನ ತನಕ ತೊಂದರೆಯಿರಲಿಲ್ಲ.

ಕಾಗವಾಡದ ಹುಡುಗನೊಬ್ಬ ಹವ್ಯಾಸದ ಜಾಗದಲ್ಲಿ “ದ್ರಾಕ್ಷಿ ಪಡಾ ರಿ” ಎಂದ.

“ದ್ರಾಕ್ಷಿ ತೋಟ ನಿಮ್ಮ ಮನೆಯ ಕೆಲಸ ಆಯ್ತಪ್ಪಾ. ಬಿಡುವಿನಲ್ಲಿ ಏನು ಮಾಡ್ತೀ?” ಎಂದು ಕೇಳಿದೆ.

“ಬಿಡುವಿನಾಗ ಕಾಲೇಜಿಗೆ ಬರ್ತೇನ್ರಿ.”

ಅವನ ನಂತರ ಕರೋಶಿಯ ಹುಡುಗಿ ಎದ್ದಳು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಎದೆಗವುಚಿದ ಒಂದು ಪುಸ್ತಕ. “ಓದೂದ್ರಿ,” ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಸೇರಿಸಿದಳು: “ಅದೂ ಶನಿವಾರದ ತನಕಾ.”

ಶನಿವಾರ ಪಾಲಕರ ದಿನ. ವಿಚಾರಿಸಿದರೆ ಸಂಗತಿ ಹೀಗಿತ್ತು. ಅಥಣಿ ಕಡೆಯ, ಕಬ್ಬಿನ ಹೊಲವಿದ್ದ ಒಂದು ಮನೆಯವರು ಆಕೆಯನ್ನು ಸೊಸೆಯಾಗಿ ಕೇಳಿದ್ದರು. ಮನೆಯ ಹಿರಿಯನಾದ ಅಜ್ಜ ಅವರಿಗೆ ಹೂಂ ಅಂದಿರಲಿಲ್ಲ, ಊಹೂಂ ಕೂಡ ಅಂದಿರಲಿಲ್ಲ. ಶನಿವಾರ ಬಂದು ಕಾಲೇಜು ನೋಡುತ್ತಾನೆ. ಮನಸ್ಸಿಗೆ ಬಂದರೆ ಕಾಲೇಜು, ಬಾರದಿದ್ದರೆ ಅಥಣಿ.

“ನಿನಗೇನು ಬೇಕವಾ?” ಎಂದು ಪ್ರಾಚಾರ್ಯರು ಕೇಳಿದರು.

“ಕಾಲೇಜ್ ಬೇಕ್ರಿ. ಖರೇ ಅಂದ್ರ ನನಗ ನಿಮ್ಮ ಭಾಷಣಾ ಕೇಳಿದ ಮ್ಯಾಲೂ ಬೇಕಂತ ಅನಸೇತಿ.”

ಪ್ರಾಚಾರ್ಯರು ಅದನ್ನು ಹೊಗಳಿಕೆ ಎಂದುಕೊಂಡರು.

ಕಣ್ಣು ಮುಚ್ಚಿ

ಊರಿನ ನೆನಪು ಬಂದು ಹುಡುಗರು ಓಡಿಹೋಗುತ್ತಾರೆ ಎಂಬುದು ಬೆಳಗಾವಿಯಿಂದ ಕರೆಸಿದ್ದ ಮನಃಶಾಸ್ತ್ರದ ಪಂಡಿತರ ಸಿದ್ಧಾಂತ. ಅದಕ್ಕೆ ಅವರ ಉಪಾಯವೂ ಇತ್ತು. ಎಲ್ಲರನ್ನೂ ನೇರವಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಮೃದುವಾದ ದನಿಯಲ್ಲಿ ಶುರುಮಾಡಿದರು.

“ದೀರ್ಘವಾಗಿ ಉಸಿರೆಳೆದುಕೊಳ್ಳಿ. ಈಗ ಜಗತ್ತಿನಲ್ಲಿ ನಿಮಗೆ ಅತ್ಯಂತ ಪ್ರಿಯವಾದ ಸ್ಥಳವನ್ನು ನೆನೆಯಿರಿ. ಅಲ್ಲಿ ಯಾರಿದ್ದಾರೆ? ಏನು ಮಾಡುತ್ತಿದ್ದಾರೆ? ಅವರು ನಿಮ್ಮನ್ನು ಕರೆಯುತ್ತಿದ್ದಾರೆ...”

ಪಂಡಿತರೂ ಕಣ್ಣು ಮುಚ್ಚಿದ್ದರು. ಅವರು ತೆರೆದಾಗ ಹಿಂದಿನ ಬೆಂಚುಗಳು ಖಾಲಿ. ನಿಪ್ಪಾಣಿಯವರು ನಿಪ್ಪಾಣಿ ಬಸ್ಸು ಹತ್ತಿದ್ದರು, ಕುಡಚಿಯವರು ಕುಡಚಿ ಬಸ್ಸು. ನಾನು ಗೇಟಿನಲ್ಲಿ ಒಬ್ಬನನ್ನು ಹಿಡಿದು ನಿಲ್ಲಿಸಿದೆ.

“ಎಲ್ಲಿಗಲೇ?”

“ಊರಿಗ್ರಿ. ಎಮ್ಮಿ ಈಯೂದೈತಿ. ನಾ ಮರತಬಿಟ್ಟಿದ್ನಿ. ಅವರು ಭಾಳ ಛಲೋ ನೆನಪ ಮಾಡಸಿದ್ರ ನೋಡ್ರಿ.”

ಮನೆ ನೋಡಲು ಬಂದವರು

ಶನಿವಾರ ಬಂತು. ಕರೋಶಿಯ ಅಜ್ಜ ಒಬ್ಬನೇ ಬರುತ್ತಾನೆಂದು ಕುರ್ಚಿ ಹಾಕಿಸಿದ್ದೆ. ಟ್ರ್ಯಾಕ್ಟರ್ ಬಂತು. ಟ್ರೇಲರಿನಿಂದ ಅಜ್ಜ ಇಳಿದ, ಅಜ್ಜಿ ಇಳಿದಳು, ಕಾಕಾಗಳು ಇಳಿದರು, ಓಣಿಯ ಹಿರಿಯರು ಇಳಿದರು. ಪ್ರಾಚಾರ್ಯರು ‘ಸ್ತ್ರೀ ಶಿಕ್ಷಣ’ದ ಮೇಲಿನ ಹಾಳೆಗಳನ್ನು ತೆಗೆಯುವಷ್ಟರಲ್ಲಿ ಸಭೆಯೇ ಎದ್ದು ಕಟ್ಟಡದ ಹಿಂದಕ್ಕೆ ಹೋಗಿತ್ತು.

ಅಜ್ಜ ಬಾವಿಗೆ ಇಣುಕಿದ. ನೀರು ಸೇದಿಸಿ ಒಂದು ಗುಟುಕು ಕುಡಿದ. ಗೋಡೆಯನ್ನು ಗುದ್ದಿ ನೋಡಿದ. ಅಜ್ಜಿ ಹೆಣ್ಣುಮಕ್ಕಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಮತ್ತೆ ತೆರೆದಳು.

“ಚಿಲಕಾ ಬೀಳೂದಿಲ್ಲ,” ಎಂದಳು.

ಆ ಚಿಲಕದ ಬಗ್ಗೆ ನಾವು ಆಡಳಿತ ಮಂಡಳಿಗೆ ಎಷ್ಟೋ ಸಲ ಬರೆದಿದ್ದೆವು. ಅಂದು ಪ್ರಾಚಾರ್ಯರು ತಾವೇ ಸೈಕಲ್ ಹತ್ತಿ ಬಡಿಗನನ್ನು ಕರೆತಂದರು. ಅಜ್ಜಿ ಪಕ್ಕದಲ್ಲಿ ನಿಂತು ಮೊಳೆ ಹೊಡೆಸಿದಳು. ಕಾಲೇಜಿನ ಇತಿಹಾಸದಲ್ಲಿ ಅದೇ ದಿನ ಕೇಳಿ ಅದೇ ದಿನ ಮುಗಿದ ಕಾಮಗಾರಿ ಅದೊಂದೇ.

ಚಹಾ ಬಂತು. ಒಬ್ಬರೂ ಕಪ್ಪು ಮುಟ್ಟಲಿಲ್ಲ. “ತಗೋರಿ, ತಗೋರಿ” ಎಂದು ಪ್ರಾಚಾರ್ಯರು ಅಂಗಲಾಚಿದರೂ ಎಲ್ಲರೂ ಅಜ್ಜನ ಮುಖ ನೋಡುತ್ತ ಕೂತರು. ಆಗ ನನಗೆ ಹೊಳೆಯಿತು. ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಲು ಹೋದವರು ಒಪ್ಪಿಗೆಯಾಗುವ ತನಕ ಅಲ್ಲಿ ಏನೂ ಬಾಯಿಗೆ ಹಾಕುವುದಿಲ್ಲ. ಇವರು ಕಾಲೇಜು ನೋಡಲು ಬಂದಿರಲಿಲ್ಲ, ಮನೆತನ ನೋಡಲು ಬಂದಿದ್ದರು. ಅಂಥ ಮನೆಯ ಬಗ್ಗೆ ನೆರೆಯವರನ್ನೂ ವಿಚಾರಿಸಬೇಕಲ್ಲ. ಅಜ್ಜ ಎದ್ದು ಗೇಟಿನ ಎದುರಿನ ಚಹಾದಂಗಡಿಗೆ ಹೋದ. ನಾನೂ ಹಿಂದೆ ಹೋದೆ.

“ಈ ಕಾಲೇಜಿನ ಹಿರ್ಯಾ ಮನುಷಾ ಹೆಂಗಪಾ? ಕುಡೀತಾನೇನು?”

“ಇಲ್ಲರಿ,” ಎಂದ ಅಂಗಡಿಯವನು.

“ಹೆಣ್ಣಮಕ್ಕಳಿಗೆ ಬೈತಾನೇನು? ಹೊಡಿತಾನೇನು?”

“ಛೇ ಛೇ. ಬೈಯೂದಿಲ್ಲ, ಬಡಿಯೂದಿಲ್ಲ. ಭಾಷಣಾ ಮಾಡ್ತಾರ.”

ಅಜ್ಜ ತಲೆಯ ರುಮಾಲು ಸರಿಮಾಡಿಕೊಂಡ. “ಅಷ್ಟು ನಮ್ಮ ಹುಡುಗಿ ತಾಳಕೋತಾಳ,” ಎಂದ.

ಮರಳಿ ಬಂದು ಕೂತು, ಆರಿ ತಣ್ಣಗಾದ ಕಪ್ಪನ್ನು ಎತ್ತಿದ. ಓಣಿಯವರೆಲ್ಲ ಎತ್ತಿದರು. ಪ್ರಾಚಾರ್ಯರ ಕಣ್ಣು ಒದ್ದೆಯಾಗಿತ್ತು. ಕಂಬದ ಹಿಂದೆ ನಿಂತಿದ್ದ ಹುಡುಗಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಚಾ ಭಾಳ ಸಪ್ಪಗೈತಿ. ಇರಲಿ, ಆಕಿ ಇಲ್ಲಿಗೆ ಚಾ ಕುಡ್ಯಾಕ ಬಂದಾಳೇನು?”

ಹೋಗುವಾಗ ಅಜ್ಜ ಟ್ರೇಲರಿನ ಮೇಲಿಂದ ಹೇಳಿದ: “ನಾವು ನೋಡಿದ್ದಾತು. ಇನ್ನ ನೀವು ನಮ್ಮ ಮನಿಗೆ ಬಂದು ಉಂಡ ಮ್ಯಾಲೆ ಮಾತು ಪಕ್ಕಾ. ಅಲ್ಲೀತನಾ ಕಚ್ಚಾನ.”

ಮಾತು ಪಕ್ಕಾ ಆದದ್ದು

ಇದು ನಮ್ಮ ಯೋಜನೆಯಲ್ಲಿ ಇರಲಿಲ್ಲ. ಆದರೆ ಸುದ್ದಿ ಹಬ್ಬಿ, ಮುಂದಿನ ವಾರದಿಂದ ಒಂದೊಂದೇ ಟ್ರ್ಯಾಕ್ಟರ್ ಗೇಟಿಗೆ ಬರತೊಡಗಿತು. ಗಂಡುಹುಡುಗರ ಮನೆಯವರೂ ಬಾವಿಗೆ ಇಣುಕಿ, ಗೋಡೆ ಗುದ್ದಿ, ಚಹಾ ಕುಡಿದು ಹೋದರು. ಹೀಗೆ ಒಪ್ಪಿಸಿ ಹೋದ ಮಕ್ಕಳು ಮನೆಗೆ ಓಡಿಬಂದರೆ ಹಿರಿಯರ ಮಾತಿಗೆ ಕುಂದಲ್ಲವೇ? ಗಣಪತಿ ಹಬ್ಬ ಕಳೆಯಿತು. ತರಗತಿಯಲ್ಲಿ ಕೂರಲು ಜಾಗ ಸಾಲದೆ ಬೆಂಚು ಹೊರಿಸಬೇಕಾಯಿತು. ಏನೂ ಆಗುವುದಿಲ್ಲ ಎಂದಿದ್ದ ನಾನೇ ಒಂದು ತುದಿ ಹಿಡಿದೆ.

ಕರೋಶಿಯ ಊಟ ಬಾಕಿಯಿತ್ತು. ಒಂದು ಭಾನುವಾರ ಪ್ರಾಚಾರ್ಯರು ಕೋಟು ಹಾಕಿಕೊಂಡು ಹೊರಟರು, ಜೊತೆಗೆ ನಾನು. ಪಡಸಾಲೆಯಲ್ಲಿ ಮಣೆ ಹಾಕಿ, ಹೋಳಿಗೆಯ ಮೇಲೆ ತುಪ್ಪ ಸುರಿದು, ಅಜ್ಜ ನಮ್ಮನ್ನು ಬೀಗರ ಹಾಗೆಯೇ ಕೂರಿಸಿದ್ದ. ಮೊದಲ ತುತ್ತು ಬಾಯಿಗೆ ಹೋಗುವಾಗ ಅಂಗಳದಲ್ಲಿ ಜೀಪು ನಿಂತಿತು. ಅಥಣಿಯವರು. ಹುಡುಗನ ಅಪ್ಪನ ಕೈಯಲ್ಲಿ ಸಕ್ಕರೆಯ ಪೊಟ್ಟಣ. ಅಂದರೆ ಅಂದೇ ನಿಶ್ಚಯ ಮಾಡಿಕೊಂಡು ಹೋಗುವ ತಯಾರಿ. ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ತುಪ್ಪದ ಗಿಂಡಿ ಹಿಡಿದು ಹಾಗೇ ನಿಂತಳು.

“ಬರ್ರಿ, ಕೂಡ್ರಿ,” ಎಂದ ಅಜ್ಜ.

“ಕೂಡೂದು ಆಮ್ಯಾಲೆ ಆತ್ರಿ. ಇವತ್ತ ಮಾತು ಮುಗಸೂಣು.”

“ತಡಾ ಮಾಡಿದ್ರಿ. ಹುಡುಗಿನ್ನ ಕೊಟ್ಟಾತು.”

“ಕೊಟ್ಟಾತು? ಯಾರಿಗೆ?”

ಅಜ್ಜ ಪ್ರಾಚಾರ್ಯರ ಕಡೆ ಗದ್ದ ಎತ್ತಿದ. “ಇವರ ಕಡೆ.”

ಅಥಣಿಯವನು ಪ್ರಾಚಾರ್ಯರ ಬಿಳಿ ತಲೆ ನೋಡಿದ, ಕೋಟು ನೋಡಿದ, ತುಪ್ಪ ಸೋರುವ ಕೈ ನೋಡಿದ. “ಈ ಮುದುಕಗ?”

ಪ್ರಾಚಾರ್ಯರಿಗೆ ತುತ್ತು ನೆತ್ತಿಗೆ ಹತ್ತಿತು. ನಾನು ನೀರು ಕೊಟ್ಟೆ.

“ಅವರಿಗಲ್ಲರೀ ಮಾರಾಯಾ! ಅವರ ಕಾಲೇಜಿಗೆ,” ಎಂದ ಅಜ್ಜ. “ಅವರು ಇಲ್ಲೆ ಉಂಡಾರ, ನಾವು ಅಲ್ಲೆ ಚಾ ಕುಡದೇವಿ. ಮಾತು ಪಕ್ಕಾ ಆತು. ಮೂರು ವರ್ಷ ಆಕಿ ಆ ಮನೀ ಹುಡುಗಿ. ಆಮ್ಯಾಲೆ ಆಕಿನ್ನ ಕೇಳ್ರಿ, ನನ್ನಲ್ಲ.”

ಗಿಂಡಿ ಹಿಡಿದ ಕೈ ಸಡಿಲವಾಯಿತು. ಹುಡುಗಿ ಬಂದು ನನ್ನ ಹೋಳಿಗೆಯ ಮೇಲೆ ಸುರಿದ ತುಪ್ಪ ತಟ್ಟೆ ದಾಟಿ ನೆಲಕ್ಕೆ ಹರಿಯಿತು. ನಾನು ಸಾಕು ಅನ್ನಲಿಲ್ಲ.

ಅಥಣಿಯವನು ಸೋತರೂ ವಹಿವಾಟು ಬಲ್ಲವನು. “ಅಲ್ಲರೀ, ಹೊಲಾ ಬಿಟ್ಟು, ಕಬ್ಬು ಬಿಟ್ಟು, ಅಲ್ಲೆ ಅಂಥಾದ್ದೇನು ಕಂಡ್ರಿ?” ಎಂದು ಕೇಳಿದ.

ಅಜ್ಜ ಉತ್ತರ ಹುಡುಕುವಷ್ಟರಲ್ಲಿ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು.

“ಅಲ್ಲೆ ಅತ್ತಿ ಇಲ್ಲ!”

ಅಥಣಿಯವನು ಸಕ್ಕರೆ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಆಮೇಲೆ ಮೆಲ್ಲಗೆ ಬಂದು ಪ್ರಾಚಾರ್ಯರ ಪಕ್ಕದ ಮಣೆಯಲ್ಲಿ ಕೂತು, ಪೊಟ್ಟಣವನ್ನು ಅವರ ತಟ್ಟೆಯ ಮುಂದೆ ಇಟ್ಟ.

“ಸಾಹೇಬ್ರ, ನಮ್ಮ ಮನ್ಯಾಗೂ ಒಬ್ಬಾಕಿ ಮಗಳದಾಳ್ರಿ. ನಿಮ್ಮಲ್ಲೆ ಇನ್ನೊಬ್ಬಾಕಿನ್ನ ತುಂಬಿಸ್ಕೊತೀರೇನು?”