ವಿಲ್ಲಾಪರಾದ ದೊಡ್ಡ ಬಟನ್

ಮರ್ರೆ ನದಿಯ ದಂಡೆಯಲ್ಲಿರುವ ವಿಲ್ಲಾಪರಾ ಪಟ್ಟಣದ ಲಾಂಚು ದಕ್ಷಿಣ ಆಸ್ಟ್ರೇಲಿಯಾದಲ್ಲೇ ಅತ್ಯಂತ ಬಿಡುವಿಲ್ಲದ ಲಾಂಚು ಎಂಬುದು ಈಗ ಅಧಿಕೃತವಾಗಿ ದೃಢಪಟ್ಟಿರುವ ಸಂಗತಿ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಪಟ್ಟಣಸಭೆಯ ಗೋಡೆಗೆ ನೇತುಹಾಕಲಾಗಿದೆ. ಕಚೇರಿ ವೇಳೆಯಲ್ಲಿ ಯಾರು ಬೇಕಾದರೂ ಬಂದು ನೋಡಬಹುದು, ಮುಟ್ಟುವಂತಿಲ್ಲ.

ಇದೇ ಲಾಂಚು ಈ ವರ್ಷದ ಆರಂಭದಲ್ಲಿ ನಿಂತೇಹೋಗುವುದರಲ್ಲಿತ್ತು. ನದಿ ದಾಟುಸೇವಾ ಪ್ರಾಧಿಕಾರದಿಂದ ಪತ್ರ ಬಂದಿತ್ತು: "ಸದರಿ ಲಾಂಚನ್ನು ಸಾರ್ವಜನಿಕರು ಬಳಸುತ್ತಿರುವರೆಂಬುದಕ್ಕೆ ಡಿಜಿಟಲ್ ಪುರಾವೆ ಕಂಡುಬಂದಿರುವುದಿಲ್ಲ. ಜೂನ್ ಮೂವತ್ತರೊಳಗಾಗಿ ಆ್ಯಪ್ ಮೂಲಕ ಐನೂರು ಕರೆಗಳು ದಾಖಲಾಗದಿದ್ದಲ್ಲಿ ಲಾಂಚನ್ನು ಹಿಂಪಡೆಯಲಾಗುವುದು." ಪುರಾವೆ ಇಲ್ಲದಿದ್ದದ್ದು ನಿಜವೇ. ಅಲ್ಲಿಯವರೆಗೆ ಜನ ದಂಡೆಗೆ ಬಂದು ಕಾರಿನ ಹಾರ್ನ್ ಒತ್ತುತ್ತಿದ್ದರು. ಲಾಂಚು ನಡೆಸುವ ಕ್ಲೆಮ್ ನೋಸ್ಕೆ ಎಂಬಾತ ಆಚೆ ದಂಡೆಯಲ್ಲಿ ಚಹಾದ ಮಗ್ಗು ಕೆಳಗಿಟ್ಟು, "ಬಂದೆ ಕಣ್ರೋ, ಪ್ರಾಣ ತಿನ್ಬೇಡಿ" ಎಂದು ಕೂಗಿ ಹೊರಡುತ್ತಿದ್ದ. ಹಾರ್ನುಗಳನ್ನು ಯಾರೂ ಎಣಿಸಿರಲಿಲ್ಲ. ಇದು ಆಡಳಿತದ ಲೋಪವೇ ಸರಿ.

ಪತ್ರದ ಬಿಸಿ ಹೆಚ್ಚಾಗಿ ತಟ್ಟಿದ್ದು ಕೆರಿನ್ ಟ್ರೆಲೋರ್ ಎಂಬ ಹೆಣ್ಣುಮಗಳಿಗೆ. ಆಕೆ ಪಟ್ಟಣಸಭೆಯ ಏಕೈಕ ವಿನ್ಯಾಸಗಾರ್ತಿ. ಕಚೇರಿ ಈಚೆ ದಂಡೆ, ಮನೆ ಆಚೆ ದಂಡೆ. ಲಾಂಚಿನಲ್ಲಿ ನಾಲ್ಕು ನಿಮಿಷ. ಸೇತುವೆ ಸುತ್ತಿಕೊಂಡು ಹೋದರೆ ಅರವತ್ತನಾಲ್ಕು ಕಿಲೋಮೀಟರ್. ತಾಯಿ ಸತ್ತ ಮೂರು ಕುರಿಮರಿಗಳನ್ನು ಬೇರೆ ಸಾಕಿದ್ದಳು. ಮಧ್ಯಾಹ್ನ ಮನೆಗೆ ಹೋಗಿ ಬಾಟಲಿಯಲ್ಲಿ ಹಾಲು ಕುಡಿಸದಿದ್ದರೆ ಅವು ಊರಿಗೆಲ್ಲ ಕೇಳುವಂತೆ ದೂರು ಕೊಡುತ್ತಿದ್ದವು.

ಕೆರಿನ್ ಕೂತು ಆ್ಯಪ್ ಮಾಡಿದಳು. ಅವಳ ಕೆಲಸದ ರೀತಿಯೇ ಬೇರೆ. ಆ್ಯಪಿಗೊಂದು, ಪೋಸ್ಟರಿಗೊಂದು, ಸ್ಟಿಕ್ಕರಿಗೊಂದು ಎಂದು ಪ್ರತ್ಯೇಕ ಚಿತ್ರ ಬಿಡಿಸುವವಳಲ್ಲ. ಒಂದೇ ಒಂದು ವೆಬ್ ಪುಟ ಬರೆಯುವುದು. ಅದೇ ಪುಟ ಫೋನಿನಲ್ಲಿ ಆ್ಯಪ್ ಆಗುತ್ತದೆ, ಪ್ರಿಂಟರಿನಲ್ಲಿ ಪೋಸ್ಟರ್ ಆಗುತ್ತದೆ, ಪರದೆಗೆ ಹಾಕಿದರೆ ಫಲಕವಾಗುತ್ತದೆ. ಒಂದು ಸಾಲಿನಲ್ಲಿ ನೀಲಿಯನ್ನು ಹಸಿರು ಮಾಡಿದರೆ ಊರೆಲ್ಲ ಹಸಿರು. ಆ ಪುಟದ ನಡುವೆ ಹೆಬ್ಬೆರಳಿನಷ್ಟು ಅಗಲದ ಒಂದು ಬಟನ್: "ಲಾಂಚು ಕರೆಯಿರಿ."

ಮೇ ಇಪ್ಪತ್ತರ ಹೊತ್ತಿಗೆ ಮೂವತ್ತೊಂದು ಕರೆಗಳು ದಾಖಲಾದವು. ಅದರಲ್ಲಿ ಇಪ್ಪತ್ತೆಂಟು ಕೆರಿನ್‌ಳವೇ. ಉಳಿದವರಿಗೆ ಹಾರ್ನ್ ಇತ್ತು.

ತುರ್ತುಸಭೆ ಸೇರಿತು. ಮೇಯರ್ ಡೆಸ್ಲಿ ಹಾಕಿಂಗ್ ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದು ನೋಡಿದಳು.

"ಇಷ್ಟೇನಾ ಬಟನ್ನು? ನಮ್ಮಜ್ಜನ ಶರ್ಟಿಗೆ ಇದಕ್ಕಿಂತ ದೊಡ್ಡದಿತ್ತಲ್ಲೇ!"

"ಬೆರಳಿಗೆ ಸಿಕ್ರೆ ಸಾಕು ಡೆಸ್ಲಿ. ಅಳತೆ ನೋಡೇ ಮಾಡಿದೀನಿ."

"ಬೆರಳಿಗೆ ಸಿಗತ್ತೆ, ಕಣ್ಣಿಗೆ ಸಿಗಬೇಡ್ವಾ? ಪಕ್ಕದ ಟೋಟನ್‌ಡೇಲ್‌ನೋರನ್ನ ನೋಡು. ಹೆದ್ದಾರೀಲಿ ಒಂಬತ್ತು ಮೀಟರ್ ಸಿಮೆಂಟ್ ಕ್ಯಾರೆಟ್ ನಿಲ್ಸವ್ರೆ. ಜನ ಕಾರು ನಿಲ್ಸಿ ಫೋಟೊ ತೆಗೆಸ್ಕೊಂಡು, ಅಲ್ಲೇ ಬೇಕರೀಲಿ ಮಾಂಸದ ಪೈ ತಿಂದ್ಕೊಂಡು ಹೋಗ್ತಾರೆ. ನಮ್ಮೂರ ಪೈ ಹಂಗೇ ತಣ್ಣಗಾಗ್ತಾ ಕೂತಿದೆ. ಇಡೀ ದೇಶದಲ್ಲಿ ದೊಡ್ಡದೊಂದು ಏನೂ ಇಲ್ದಿರೋ ಊರು ಅಂದ್ರೆ ನಮ್ದೇ ಇರ್ಬೇಕು!"

ಈ ಮಾತು ಎಲ್ಲರ ಮರ್ಮಕ್ಕೆ ತಾಗಿತು. ನಿಲ್ಲಿಸಲು ಕ್ಯಾರೆಟ್ಟೇ ಆಗಬೇಕೆಂದು ಎಲ್ಲಿಯೂ ಬರೆದಿಲ್ಲವಷ್ಟೆ? ಹೆದ್ದಾರಿಯ ಪಕ್ಕ ಭಾರೀ ಪರದೆ ನಿಲ್ಲಿಸಿ ಅದರ ಮೇಲೆ ಕೆರಿನ್‌ಳ ಬಟನ್ ಮೂಡಿಸುವುದೆಂದಾಯಿತು. "ಸಾರ್ವಜನಿಕ ಬಟನ್‌ಗಳ ಗಾತ್ರ ನಿಯಮಾವಳಿ" ಅಲ್ಲಿಯೇ ರೂಪುಗೊಂಡಿತು. ಕಲಂ ಒಂದು: ಬಟನ್ ನೆರೆಯೂರಿನ ಯಾವುದೇ ತರಕಾರಿಗಿಂತ ಕನಿಷ್ಠ ಅರ್ಧ ಮೀಟರ್ ದೊಡ್ಡದಿರತಕ್ಕದ್ದು. ಕಲಂ ಎರಡು: ಒತ್ತಿದರೆ ಒಳಹೋಗಿ ಹೊರಬರತಕ್ಕದ್ದು.

ಕೆರಿನ್ ಎಚ್ಚರಿಸದೆ ಇರಲಿಲ್ಲ. "ಡೆಸ್ಲಿ, ಪರದೆಗೆ ನೀವು ಹಾಕ್ತಿರೋದು ಚಿತ್ರ ಅಲ್ಲ, ಅದೇ ಪುಟ. ಒತ್ತಿದ್ರೆ ನಿಜವಾಗ್ಲೂ ಲಾಂಚು ಬರತ್ತೆ."

"ಬರ್ಲಿ ಬಿಡೆ! ಲಾಂಚು ಬರ್ಲಿ ಅಂತ ತಾನೆ ಇಷ್ಟೆಲ್ಲ ಒದ್ದಾಡ್ತಿರೋದು?"

ಕೆರಿನ್ ಕಂಪ್ಯೂಟರ್ ಮುಂದೆ ಕೂತಳು. ಪುಟದಲ್ಲಿ ಅಗಲವನ್ನು ಶೇಕಡಾ ನೂರು ಎಂದು ತಿದ್ದಿದಳು. ಹೆದ್ದಾರಿಯ ಪಕ್ಕ ಒಂಬತ್ತೂವರೆ ಮೀಟರಿನ ಬಟನ್ ಬೆಳಗಿತು. ಅದೇ ಗಳಿಗೆಯಲ್ಲಿ ಊರಿನ ಎಲ್ಲರ ಫೋನೂ ತುದಿಯಿಂದ ತುದಿಯವರೆಗೆ ಬಟನ್ನೇ ಆಯಿತು.

ಜನ ಬಂದರು. ಪ್ರವಾಸಿಗರ ಮನೆಗಾಡಿಗಳು, ಅಂದರೆ ಕಾರವಾನುಗಳು, ಸಾಲುಗಟ್ಟಿ ನಿಂತವು. ಅಪ್ಪ ಒತ್ತಿದ, ಅಮ್ಮ ಒತ್ತಿದಳು, ಫೋಟೊ ಅಲುಗಾಡಿತೆಂದು ಮತ್ತೊಮ್ಮೆ ಒತ್ತಿದರು. ಪೈಗಳು ಬಿಸಿಯಾಗಿಯೇ ಖರ್ಚಾದವು. ಎರಡನೆಯ ದಿನಕ್ಕೆ ಐನೂರು ದಾಟಿತು. ಜೂನ್ ಮೂವತ್ತಕ್ಕೆ ಹನ್ನೊಂದು ಸಾವಿರದ ನಾನೂರ ಆರು. ಲಾಂಚು ಉಳಿಯಿತು, ಪ್ರಮಾಣಪತ್ರ ಬಂತು. ಕೆರಿನ್ ಸಂತೋಷದಿಂದ ಅತ್ತಳು.

ಪ್ರಮಾಣಪತ್ರದ ಜೊತೆ ನಿಯಮಗಳ ಪುಸ್ತಕವೂ ಬಂದಿತ್ತು. ಪ್ರತಿ ಕರೆಗೂ ಒಂದು ಪ್ರತ್ಯೇಕ ದಾಟು. ಕರೆದ ಕ್ರಮದಲ್ಲೇ ಹೋಗಬೇಕು. ದಂಡೆಯಲ್ಲಿ ಒಂದು ನಿಮಿಷ ಕಾಯಬೇಕು. ಒಬ್ಬರ ಕರೆಯ ಮೇಲೆ ಇನ್ನೊಬ್ಬರು ಹತ್ತುವಂತಿಲ್ಲ. ಹಾರ್ನ್ ಕರೆಯೆನಿಸದು. ಇನ್ನು ಮುಂದೆ ಪ್ರತಿ ತಿಂಗಳೂ ಐನೂರು ಕರೆ ದಾಖಲಾಗದಿದ್ದರೆ ಲಾಂಚು ವಾಪಸು.

ಜುಲೈ ಇಪ್ಪತ್ತೈದರ ಮಧ್ಯಾಹ್ನ ಕೆರಿನ್ ದಂಡೆಗೆ ಬಂದಾಗ ಲಾಂಚು ಖಾಲಿ ನಿಂತಿತ್ತು. ಕ್ಲೆಮ್ ಸರಪಳಿ ಬಿಚ್ಚಲಿಲ್ಲ.

"ಹತ್ತಿಸ್ಕೊಳೋ ಕ್ಲೆಮ್. ಮರಿಗಳು ಕೂಗ್ತಿರ್ತವೆ."

"ಆಗಲ್ಲ ಕಣಮ್ಮ. ಇದು ಜೂನ್ ಇಪ್ಪತ್ತೊಂದನೇ ತಾರೀಕಿನ ಕರೆ."

"ಕರೆದೋರು ಎಲ್ಲಿ?"

"ಪರ್ತ್‌ನಲ್ಲಿ ಅವರ ಮನೇಲಿರ್ಬೇಕು. ಆದ್ರೂ ಒಂದು ನಿಮಿಷ ಕಾಯ್ಬೇಕಲ್ಲ? ನಾನೂ, ಇಬ್ರು ಭಾವಂದಿರೂ ಹಗಲೂ ರಾತ್ರಿ ಪಾಳಿ ಹಾಕ್ಕೊಂಡು ಬರೀ ಇದೇ ಮಾಡ್ತಿದೀವಿ." ಕ್ಲೆಮ್ ಗಡಿಯಾರ ನೋಡಿದ. "ಒಂದು ಹೇಳ್ತೀನಿ, ಭಾರ ಇಲ್ದೆ ಎಂಜಿನ್ನು ಹೂವಿನಂಗೆ ಓಡ್ತಿದೆ."

ಕೆರಿನ್ ಅಲ್ಲೇ ನಿಂತು ಫೋನ್ ಒತ್ತಿದಳು. ನಿಯಮದಂತೆ ಉತ್ತರ ಬಂತು: "ತಮ್ಮ ದಾಟು: ಅಕ್ಟೋಬರ್ ಒಂಬತ್ತು, ಬೆಳಗ್ಗೆ 11.40. ತಡವಾಗದಂತೆ ಬನ್ನಿ."

ಆ ಸಂಜೆಯ ಸಭೆಯಲ್ಲಿ ಆಕೆ ಎದ್ದು ನಿಂತಳು. "ಒಂದೇ ಒಂದು ಸಾಲು ಅಳಿಸಿದ್ರೆ ಸಾಕು, ಹೆದ್ದಾರಿ ಬಟನ್ ಬರೀ ಚಿತ್ರ ಆಗತ್ತೆ. ಇವತ್ತೇ ಅಳಿಸ್ತೀನಿ."

"ಆಮೇಲೆ ಎಷ್ಟು ಕರೆ ಬರತ್ತೆ?" ಡೆಸ್ಲಿ ಕೇಳಿದಳು.

"ಮೂವತ್ತು. ನಲವತ್ತು."

"ಆಗ ಲಾಂಚು?"

"…ಹಿಂದಕ್ಕೆ ತಗೋತಾರೆ."

"ಹಂಗಾದ್ರೆ ನೀನೇ ಹೇಳಮ್ಮ. ಲಾಂಚು ಇರೋ ಊರು ಬೇಕೋ, ಬೇಡ್ವೋ?"

ಮತಕ್ಕೆ ಹಾಕಲಾಯಿತು. ಬಟನ್ ಇದ್ದಂತೆಯೇ ಇರಲಿ ಎಂಬುದಕ್ಕೆ ಎಲ್ಲ ಕೈಗಳೂ ಎದ್ದವು. ಎದ್ದ ಕೈಗಳಲ್ಲಿ ಕೆರಿನ್‌ಳದೂ ಒಂದು. ಲಾಂಚು ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಮರುದಿನದಿಂದ ಕುರಿಮರಿಗಳು ಸೇತುವೆ ಸುತ್ತಿ ಕಾರಿನಲ್ಲೇ ಕಚೇರಿಗೆ ಬರತೊಡಗಿದವು. ಹಾಜರಿ ಪುಸ್ತಕದಲ್ಲಿ "ಸಂದರ್ಶಕರು" ಎಂಬ ಕಲಮಿನಡಿ ನಮೂದಾದವು.

ಅಕ್ಟೋಬರ್ ಒಂಬತ್ತರಂದು ಕಚೇರಿಗೆ ಅರ್ಧ ದಿನ ರಜೆ ಸಾರಲಾಯಿತು. ಲಾಂಚಿನಲ್ಲಿ ಪ್ರಯಾಣಿಕರೊಬ್ಬರು ಹೋಗುವುದನ್ನು ನೋಡದೆ ಜನಕ್ಕೆ ಎಷ್ಟೋ ದಿನವಾಗಿತ್ತು. ಮಡಿಚುವ ಕುರ್ಚಿ, ಐಸ್‌ಪೆಟ್ಟಿಗೆ ಹಿಡಿದು ಊರೇ ದಂಡೆಗೆ ಬಂತು. ಸರಿಯಾಗಿ 11.40ಕ್ಕೆ ಕ್ಲೆಮ್ ಟೋಪಿ ತೆಗೆದು ಸರಪಳಿ ಬಿಚ್ಚಿದ. ಕೆರಿನ್‌ಳ ಕಾರು ಹತ್ತಿತು. ಚಪ್ಪಾಳೆ ಬಿತ್ತು. ಲಾಂಚು ಹೊರಟು ನಾಲ್ಕೇ ನಿಮಿಷಕ್ಕೆ ಆಚೆ ದಂಡೆ ಮುಟ್ಟಿತು.

"ನೋಡಿದ್ರಾ!" ಎಂದಳು ಡೆಸ್ಲಿ, ಸುತ್ತಲಿದ್ದವರತ್ತ ತಿರುಗಿ. "ಸೇತುವೆ ಅಂತೆ ಸೇತುವೆ. ಇಷ್ಟು ಬೇಗ ಯಾವ ಸೇತುವೆ ದಾಟ್ಸತ್ತೆ?"

ಆಚೆ ದಂಡೆಯಲ್ಲಿ ಇಳಿದ ಕೆರಿನ್‌ಗೂ ಹಾಗೆಯೇ ಅನ್ನಿಸಿತು. ಇಂಥ ಸೊಗಸಾದ ಸೇವೆಯನ್ನು ಮುಚ್ಚಲು ಹೊರಟಿದ್ದರಲ್ಲ ಎಂದು ನೆನೆದು ಮೈ ಜುಮ್ಮೆಂದಿತು. ಮರಳುವ ಪಯಣಕ್ಕೆ ಫೋನ್ ಒತ್ತಿದಳು. ಜನವರಿ ಆರು, ಸಂಜೆ 4.10 ಎಂದು ಬಂತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಳು. ಎರಡು ಗಂಟೆಗೆ ಈಚೆ ದಂಡೆಯಲ್ಲಿ ಲಾಂಚಿಗೆ ಕೃತಜ್ಞತೆ ಸಲ್ಲಿಸುವ ಸಭೆಯಿತ್ತು. ತಡವಾಗಬಾರದೆಂದು ಕಾರನ್ನು ಸೇತುವೆಯ ದಾರಿಗೆ ತಿರುಗಿಸಿ, ಹೋಗುತ್ತ ಕ್ಲೆಮ್‌ನತ್ತ ಮನಸಾರೆ ಕೈಬೀಸಿದಳು.