ಮೂವರು ನೆರೆಯವರ ಅಭಿಪ್ರಾಯ

ಎಲ್ಲದಕ್ಕೂ ಮೂಲ ಬಂದೂಕಿನ ಅರ್ಜಿಯ ಹನ್ನೊಂದನೆಯ ಕಾಲಂ. ಅರ್ಜಿದಾರನ ಗುಣನಡತೆ ಬಲ್ಲ ಮೂವರು ನೆರೆಯವರ ಹೆಸರು ಬರೆಯಿರಿ ಎಂದು ಅಲ್ಲಿತ್ತು. ಪೊಲೀಸರು ಬಂದು ಆ ಮೂವರನ್ನು ವಿಚಾರಿಸಿ ಸರಿ ಎಂದರಷ್ಟೇ ಅಂಗಡಿಯವನು ಬಂದೂಕು ಮಾರಬಹುದು.

ಬ್ಯಾಂಕಿನ ಬಾಗಿಲಲ್ಲಿ ಹನ್ನೆರಡು ವರ್ಷ ಬರಿಗೈಯಲ್ಲಿ ನಿಂತಿದ್ದ ಕಾವಲುಗಾರನಿಗೆ ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಒಂದನೇ ತಾರೀಖಿಂದ ಬಂದೂಕು ಇದ್ದೋರೇ ಇಲ್ಲಿ ನಿಲ್ಲೋದು. ನಿಮ್ಮ ಹತ್ರ ಇದ್ರೆ ನೀವು, ಇಲ್ದಿದ್ರೆ ಬೇರೆ ಯಾರಾದ್ರೂ."

ಬೀದಿಯವರು ಅವನಿಗೆ ಇಟ್ಟ ಹೆಸರು ಸಾಧು. ಬೋನಿಗೆ ಬಿದ್ದ ಇಲಿಯನ್ನೂ 'ಹೋಗಪ್ಪಾ' ಎಂದು ಬಿಟ್ಟುಬರುವ ಜೀವ. ಸಾಧುವಾದ ಎತ್ತಿಗೆ ಎರಡು ಹೇರು ಅಲ್ಲವೇ? ಮಹಡಿ ಮೇಲಿನ ಮೇಷ್ಟ್ರು ಬಾಲ್ಕನಿ ತೊಳೆದ ನೀರು ಇವನ ಒಗೆದ ಬಟ್ಟೆಯ ಮೇಲೇ ಬೀಳಬೇಕು. ಪಕ್ಕದ ಮನೆ ದರ್ಜಿ ಒಯ್ದ ಏಣಿ ಮೂರು ವರ್ಷವಾದರೂ ತಿರುಗಿ ಬಂದಿರಲಿಲ್ಲ. ಎದುರುಮನೆ ಅಜ್ಜಿ ತನ್ನ ಕಸವನ್ನೆಲ್ಲ ಇವನ ಗೇಟಿನ ಮುಂದಕ್ಕೆ ಗುಡಿಸಿ ಕೈ ಒರೆಸಿಕೊಳ್ಳುತ್ತಿದ್ದಳು. ಹನ್ನೊಂದನೆಯ ಕಾಲಮಿನಲ್ಲಿ ಅವನು ಬರೆದದ್ದು ಈ ಮೂವರನ್ನೇ. ಬೇರೆ ಯಾರ ಪರಿಚಯವೂ ಅವನಿಗೆ ಇಷ್ಟು ಚೆನ್ನಾಗಿ ಇರಲಿಲ್ಲ.

ವಿಚಾರಣೆ ಇವತ್ತು ಸಂಜೆ ನಾಲ್ಕಕ್ಕೆ ಎಂದು ತಿಳಿಯಿತು. ಮುಂಚೆ ಒಂದು ಮಾತು ಹೇಳುವುದು ಮರ್ಯಾದೆ ಎಂದುಕೊಂಡು ಸಾಧು ಕೆಲಸಕ್ಕೆ ರಜೆ ಹಾಕಿ ಬೆಳಿಗ್ಗೆಯೇ ಮೂರೂ ಮನೆಗೆ ಹೋದ. ಅವನ ದನಿ ಮೊದಲೇ ತಗ್ಗು. ಸಾಲದ್ದಕ್ಕೆ, ಮಾತು ಮುಗಿದ ಮೇಲೂ ಬಾಗಿಲಲ್ಲಿ ಅಲುಗಾಡದೆ ನಿಂತಿರುವುದು ಅವನ ಕಸುಬಿನ ಅಭ್ಯಾಸ.

"ಬಂದೂಕು ತಗೋತಾ ಇದೀನಿ," ಎಂದ ದರ್ಜಿಗೆ. "ಬ್ಯಾಂಕಲ್ಲಿ ಇನ್ಮೇಲೆ ಅದಿದ್ದೋರಿಗೇ ಕೆಲ್ಸವಂತೆ. ನನ್ನ ಬಗ್ಗೆ ಕೇಳೋಕೆ ಪೊಲೀಸ್ನೋರು ಬರ್ತಾರೆ. ಏನಿದೆಯೋ ಅದನ್ನೇ ಹೇಳಿ. ನಾನೇನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ಹೇಳಿ, ಒಂದು ನಿಮಿಷ ಹಾಗೇ ನೋಡುತ್ತ ನಿಂತ. ದರ್ಜಿಯ ಕತ್ತರಿ ಅರ್ಧ ಬಟ್ಟೆಯಲ್ಲಿ ನಿಂತುಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ಮೇಷ್ಟ್ರಿಗೆ ನೀರು ನೆನಪಾಯಿತು, ಅಜ್ಜಿಗೆ ಕಸ.

ಹನ್ನೆರಡು ಗಂಟೆಗೆ ಸಾಧುವಿನ ಹೆಂಡತಿ ತಲೆಯೆತ್ತಿ ಸೂರು ನೋಡಿದಳು. ದಿನವಿಡೀ ದಡದಡ ಎನ್ನುತ್ತಿದ್ದ ಮೇಷ್ಟ್ರ ಹೆಜ್ಜೆ ಸದ್ದಿಲ್ಲ.

"ಏನ್ರೀ, ಮೇಲೆ ಯಾರೂ ಇಲ್ವಾ?"

ಸಾಧು ಹೊರಗೆ ಬಂದ. ಗೋಡೆಗೆ ಏಣಿ ಒರಗಿತ್ತು, ತೊಳೆದು ಒರೆಸಿದ ಏಣಿ. ಇಟ್ಟವರ ಸುಳಿವಿಲ್ಲ. ಗೇಟಿನ ಮುಂದೆ ಒಂದು ಎಲೆಯೂ ಇರದಂತೆ ಯಾರೋ ಗುಡಿಸಿದ್ದರು. ಮೇಷ್ಟ್ರ ಮನೆಗೆ ಬೀಗ, ದರ್ಜಿಯ ಮನೆಗೆ ಬೀಗ, ವರ್ಷಗಟ್ಟಲೆ ಈ ಬೀದಿ ಬಿಟ್ಟು ಹೋಗದ ಅಜ್ಜಿಯ ಮನೆಗೂ ಬೀಗ. ಬೀದಿಯ ತುದಿಯಲ್ಲಿ ಆಡುತ್ತಿದ್ದ ಮಕ್ಕಳ ಚೆಂಡು ಉರುಳಿ ಬಂದು ಅವನ ಕಾಲಿಗೆ ತಗುಲಿತು. ಎತ್ತಿಕೊಂಡು ನೋಡುವಷ್ಟರಲ್ಲಿ ಮಕ್ಕಳೇ ಇರಲಿಲ್ಲ. ನಡುಹಗಲು, ಉರಿಬಿಸಿಲು, ಆದರೂ ಬೀದಿ ಉಸಿರು ಹಿಡಿದು ಕೂತಹಾಗಿತ್ತು. ಇವರೆಲ್ಲ ಯಾರನ್ನು ಕಂಡು ಹೆದರಿದರೋ ಎಂದು ಸಾಧು ತಿರುಗಿ ತನ್ನ ಬೆನ್ನ ಹಿಂದೆ ನೋಡಿದ. ಹಿಂದೆ ಯಾರೂ ಇಲ್ಲದ್ದು ಕಂಡು ಅವನಿಗೆ ಇನ್ನೂ ಭಯವಾಯಿತು.

ನಾಲ್ಕಕ್ಕೆ ಸರಿಯಾಗಿ ಪೊಲೀಸ್ ದಫೇದಾರ ಬಂದ. ಅಷ್ಟರಲ್ಲಿ ಹಿಂತಿರುಗಿದ್ದ ಮೂವರನ್ನೂ ಸಾಧುವಿನ ಜಗುಲಿಗೇ ಕರೆಸಿದ.

"ಇವರು ಹೇಗೆ?"

"ದೇವರಂಥ ಮನುಷ್ಯ," ಎಂದ ದರ್ಜಿ, ಗೋಡೆ ನೋಡುತ್ತ.

"ಇವರ ನೆರಳಲ್ಲಿ ಬದುಕಿದೀವಿ," ಎಂದರು ಮೇಷ್ಟ್ರು. ಅವರ ಕಣ್ಣೂ ಗೋಡೆಯ ಮೇಲೇ ಇತ್ತು.

ಅಜ್ಜಿ ಕೈ ಮುಗಿದಳು.

ದಫೇದಾರನ ಹುಬ್ಬು ಮೇಲೇರಿದ್ದನ್ನು ಸಾಧುವಿನ ಹೆಂಡತಿ ಗಮನಿಸಿದಳು. "ಮೇಷ್ಟ್ರೇ, ಹೋದ ತಿಂಗಳು ನೀರಿನ ವಿಷಯಕ್ಕೆ ನಮ್ಮೋರನ್ನ ಬಾಯಿಗೆ ಬಂದ ಹಾಗೆ ಬೈದ್ರಲ್ಲ, ಅದನ್ನಾದ್ರೂ ಹೇಳಿ."

"ತಪ್ಪು ನಂದೇ ತಾಯಿ," ಎಂದು ಮೇಷ್ಟ್ರು ಕಣ್ಣು ಒರೆಸಿಕೊಂಡರು.

ದಫೇದಾರ ಪೆನ್ನಿನ ಮುಚ್ಚಳ ತೆಗೆದ. "ಇಪ್ಪತ್ತಾರು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀನಿ. ಸನ್ಯಾಸಿ ಬಗ್ಗೆ ಕೇಳಿದ್ರೂ ನೆರೆಯವರು ಒಂದು ಕೊಂಕು ತೆಗೀತಾರೆ. ಕೊಂಕೇ ಇಲ್ದೋರನ್ನ ನಾನು ನೋಡಿರೋದು ಇಬ್ಬರನ್ನೇ."

"ಅವರು ಈಗ ಎಲ್ಲಿದಾರೆ ಸಾರ್?" ಎಂದ ಸಾಧು ಆಸೆಯಿಂದ.

"ಜೈಲಲ್ಲಿ. ಅವರ ನೆರೆಯವರನ್ನ ಇನ್ನೂ ಹುಡುಕ್ತಾ ಇದೀವಿ."

ಅರ್ಜಿಯ ಮೇಲೆ ದಪ್ಪಕ್ಷರದಲ್ಲಿ ಬರೆದ: 'ನೆರೆಹೊರೆ ಭಯಗ್ರಸ್ತ. ಬಂದೂಕು ಕೊಡತಕ್ಕದ್ದಲ್ಲ.'

ಸಾಧುವಿನ ಹನ್ನೆರಡು ವರ್ಷದ ಅನ್ನ ಒಂದು ಸಾಲಿನಲ್ಲಿ ಹೋಗಿತ್ತು. ಒಬ್ಬರಾದರೂ ತನ್ನನ್ನು ಬಯ್ಯಬಾರದಿತ್ತೇ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನು ನೋಡಿದಂತೆಲ್ಲ ಅವರು ಗೋಡೆಗೆ ಇನ್ನಷ್ಟು ಅಂಟಿಕೊಂಡರು.

ದಫೇದಾರ ಎದ್ದಾಗ ದರ್ಜಿ ಕೆಮ್ಮಿದ. "ಸಾರ್, ಹೇಗೂ ಬಂದಿದೀರಿ..." ಎನ್ನುತ್ತ ಜೇಬಿನಿಂದ ಮಡಿಸಿದ ಕಾಗದ ತೆಗೆದ. ಮೇಷ್ಟ್ರು ಒಂದು ತೆಗೆದರು. ಅಜ್ಜಿ ಸೆರಗಿನಿಂದ ಒಂದು ತೆಗೆದಳು. ಮಧ್ಯಾಹ್ನ ಮೂವರೂ ಮನೆಗೆ ಬೀಗ ಹಾಕಿ ಹೋಗಿದ್ದು ಇದಕ್ಕೇ. ಮೂರೂ ಬಂದೂಕಿನ ಅರ್ಜಿ. ಮೂರರಲ್ಲೂ ಹನ್ನೊಂದನೆಯ ಕಾಲಮಿನ ಮೊದಲ ಹೆಸರು ಸಾಧುವಿನದೇ, ಬಿಟ್ಟರೆ ಎಲ್ಲಿ ಮುನಿದಾನೋ ಎಂದು.

"ನೀವು ಹೇಳಿ," ಎಂದು ದಫೇದಾರ ಸಾಧುವಿನ ಕಡೆ ತಿರುಗಿದ. "ಇವರು ಹೇಗೆ?"

ಸಾಧು ನೋಡಿದ. ಇನ್ನು ತಲೆಯ ಮೇಲೊಂದು, ಪಕ್ಕಕ್ಕೊಂದು, ಎದುರಿಗೊಂದು ಬಂದೂಕು. ಇಷ್ಟು ಹೊತ್ತು ಗೋಡೆ ನೋಡುತ್ತಿದ್ದ ಮೂವರೂ ಈಗ ಅವನನ್ನೇ ನೋಡುತ್ತಿದ್ದರು. ಅಜ್ಜಿ ರೆಪ್ಪೆ ಬಡಿಯುತ್ತಿರಲಿಲ್ಲ. ಸಾಧು ಕೈ ಮುಗಿದ.

"ದೊಡ್ಡ ಮನಸ್ಸಿನೋರು ಸಾರ್. ಒಂದು ಕೊಂಕೂ ಇಲ್ಲ."

ದಫೇದಾರ ತಲೆಯಾಡಿಸಿದ. "ಈ ಬೀದೀಲಿ ಯಾರಿಗೂ ಹೆದರದೋರು ನೀವೊಬ್ಬರೇ. ನಿಮ್ಮ ಮಾತು ನಂಬಬಹುದು." ಮೂರೂ ಅರ್ಜಿಗೆ ಒಪ್ಪಿಗೆ ಬರೆದು, ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಮೇಷ್ಟ್ರೂ ಅಜ್ಜಿಯೂ ಸದ್ದಿಲ್ಲದೆ ಇಳಿದು ಹೋದರು. ದರ್ಜಿ ಮಾತ್ರ ಬಾಗಿಲಲ್ಲೇ ನಿಂತಿದ್ದ. ಅವನೀಗ ಗೋಡೆ ನೋಡುತ್ತಿರಲಿಲ್ಲ.

"ಬೆಳಿಗ್ಗೆ ಬ್ಯಾಂಕಿನ ಕೆಲ್ಸದ ಮಾತು ಹೇಳಿದ್ರಲ್ಲ," ಎಂದ ಮೆಲ್ಲಗೆ. "ಮ್ಯಾನೇಜರು ಎಷ್ಟು ಹೊತ್ತಿಗೆ ಸಿಗ್ತಾರೆ?"

"ಹತ್ತೂವರೆಗೆ," ಎಂದ ಸಾಧು.